ಮಾವನ ತುಳು

ನರರೋಗ ಶಾಸ್ತ್ರ ಕಲಿಯುತ್ತೇನೆ ಎಂದು ನಾನು ಹೇಳಿದಾಗ ಬೆಳ್ತಂಗಡಿಯ ನನ್ನ ಅಮ್ಮ ಮೊದಲು ಕೇಳಿದ್ದು, "ಅದಕ್ಕೆ ಗಂಡಸರು ಇಲ್ವಾ?" ಎಂದು. ಎಂಬಿಬಿಎಸ್ ಮುಗಿಸಿದ ಹುಡುಗಿ ಹೆರಿಗೆ ಡಾಕ್ಟರಾಗಬೇಕು, ತಪ್ಪಿದರೆ ಮಕ್ಕಳ ಡಾಕ್ಟರಾಗಬೇಕು, ಎರಡೂ ಆಗದಿದ್ದರೆ ಮದುವೆಯಾಗಬೇಕು ಎಂಬುದು ಎಂಬತ್ತರ ದಶಕದಲ್ಲಿ ನಮ್ಮ ಕಡೆಯ ಸಾಮಾನ್ಯ ತಿಳುವಳಿಕೆ. ಅಲ್ಲದೆ ನಮ್ಮೂರಲ್ಲಿ ಕಾಲಿನ ಮೇಲೆ ಉಬ್ಬಿ ಕಾಣುವುದೂ ನರ, ಸೊಂಟದಲ್ಲಿ ಹಿಡಿಯುವುದೂ ನರ, ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವನಿಗೆ ಇರುವುದು ನರದೌರ್ಬಲ್ಯ. ಇದಕ್ಕೆಲ್ಲ ಎಣ್ಣೆ ಹಾಕಿ ಉಜ್ಜುವವರು ಹತ್ತಿರದ ಸಿದ್ಧಕಟ್ಟೆಯಲ್ಲೇ ಇದ್ದರು. ಅಷ್ಟಕ್ಕೆ ಬೆಂಗಳೂರಿಗೆ ಹೋಗಿ ಐದು ವರ್ಷ ಯಾಕೆ ಕೂರಬೇಕು ಎಂಬ ಪ್ರಶ್ನೆಗೆ ನನ್ನ ಬಳಿ ಯಾರಿಗೂ ಒಪ್ಪಿಗೆಯಾಗುವ ಉತ್ತರ ಇರಲಿಲ್ಲ.

ನನ್ನ ಪರವಾಗಿ ನಿಂತವರು ಮೂಡುಬಿದಿರೆಯ ಸೋದರಮಾವ ಒಬ್ಬರೇ. ಅವರು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ನಾನು ಆಗ ಸಿದ್ಧಕಟ್ಟೆಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದೆ. ಬಸ್ಸಿಗೆ ಅನುಕೂಲ ಎಂದು ಮಾವನ ಮನೆಯಲ್ಲೇ ಉಳಿದುಕೊಂಡಿದ್ದೆ. ಸಿದ್ಧಕಟ್ಟೆಯ ಮೇಲೆ ಹೋಗುವ ಬಿ.ಸಿ.ರೋಡ್ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಪ್ರವೇಶ ಪರೀಕ್ಷೆಗೆ ಓದುವುದು, ಸಿಗದಿದ್ದರೆ ಓದಿದ್ದನ್ನು ಕಂಬಿ ಹಿಡಿದು ನೆನಪು ಮಾಡಿಕೊಳ್ಳುವುದು. ಸಂಜೆ ಮಾವ ನನ್ನ ದಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದರು. ಒಳಗೆ ಬರೆದದ್ದು ಅವರಿಗೆ ಅರ್ಥವಾಗುತ್ತಿರಲಿಲ್ಲ. ನಾನು ತಡವರಿಸಿದ್ದು ಮಾತ್ರ ಅರ್ಥವಾಗುತ್ತಿತ್ತು. ಮೆದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳನ್ನು ಅವರು ವಿಭಕ್ತಿ ಪ್ರತ್ಯಯಗಳ ಹಾಗೆ ಸಾಲಾಗಿ ಒಪ್ಪಿಸಿಕೊಳ್ಳುತ್ತಿದ್ದರು. ನಾನು ಪ್ರತಿ ಸಲವೂ ಒಂಬತ್ತನೆಯದರಲ್ಲಿ ನಿಲ್ಲುತ್ತಿದ್ದೆ. "ಸಪ್ತಮಿ ದಾಟಿದ ಮೇಲೆ ಎಲ್ಲರದ್ದೂ ಇದೇ ಕಥೆ" ಎನ್ನುತ್ತಿದ್ದರು.

ಇಲ್ಲಿ ಭಾಷೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಮನೆಮಾತು ತುಳು. ಕನ್ನಡ ಇದ್ದದ್ದು ಶಾಲೆಯಲ್ಲಿ, ತಾಲೂಕು ಕಚೇರಿಯಲ್ಲಿ, ಯಕ್ಷಗಾನದಲ್ಲಿ ಮತ್ತು ಘಟ್ಟದ ಮೇಲಿನವರು ಯಾರಾದರೂ ಬಂದಾಗ. ಅದು ಅಂಗಿ ಹಾಕಿಕೊಂಡು ಮಾತಾಡುವ ಭಾಷೆ. ಮಾವ ಶಾಲೆಯ ಹುಡುಗರಿಗೂ ಕನ್ನಡದಲ್ಲಿ "ನೀವು" ಎನ್ನುತ್ತಿದ್ದರು, ಬೆತ್ತ ಎತ್ತಿದ ಮೇಲೂ. ಮನೆಗೆ ಬಂದು ಅಂಗಿ ಬಿಚ್ಚಿದರೆ ತುಳು. ಅದರಲ್ಲೂ ಅತ್ತೆಯ ಜೊತೆ ಬಹಳ ಕಡಿಮೆ ತುಳು. ಊಟ ಆಯಿತೋ, ಕೊಡೆ ಎಲ್ಲಿ, ಕರು ಕಟ್ಟಿದ್ದೀಯೋ, ಇಷ್ಟೆ. ಹಾಗೆಂದು ಅವರು ಕೆಟ್ಟವರಲ್ಲ. ನಮ್ಮ ಕಡೆಯ ಗಂಡಸರು ಹೆಂಡತಿಯ ಜೊತೆ ಮಾತಾಡುತ್ತಿದ್ದದ್ದೇ ಅಷ್ಟು. ಅದಕ್ಕಿಂತ ಹೆಚ್ಚು ಮಾತಾಡಿದವರ ಬಗ್ಗೆ ಊರವರು ಮಾತಾಡುತ್ತಿದ್ದರು. ಈ ಬರಹದಲ್ಲಿ ನಮ್ಮವರ ಮಾತನ್ನು ಊರ ಕನ್ನಡದಲ್ಲಿ ಬರೆದಿದ್ದೇನೆ, ನಡೆದದ್ದೆಲ್ಲ ತುಳುವಿನಲ್ಲಿ. ಮುಂದೆ ಮಾವ ಆಡಿದ ಕನ್ನಡ ಮಾತ್ರ ಅವರು ಆಡಿದ ಹಾಗೆಯೇ ಇದೆ.

ಪರೀಕ್ಷೆಗೆ ಇನ್ನೂ ಕೆಲವು ತಿಂಗಳಿರುವಾಗ, ಒಂದು ಬೆಳಿಗ್ಗೆ ಮಾವ ಬಚ್ಚಲುಮನೆಯಿಂದ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆಗೆ ಕನ್ನಡದಲ್ಲಿ ಹೇಳಿದರು: "ನನ್ನ ಬಲಗೈ ನನ್ನ ಮಾತನ್ನು ಕೇಳುತ್ತಿಲ್ಲ."

ಅತ್ತೆ ದೋಸೆ ಮಗುಚುತ್ತಿದ್ದವರು ತಲೆ ಎತ್ತಲಿಲ್ಲ. "ಇವತ್ತು ತಾಳಮದ್ದಳೆ ಎಲ್ಲಿ ಉಂಟು?" ಎಂದರು. ತಾಳಮದ್ದಳೆ ಎಂದರೆ ವೇಷ ಕಟ್ಟದೆ, ಕುಳಿತು ಮಾತಿನಲ್ಲೇ ಆಡುವ ಯಕ್ಷಗಾನ. ಮಾವ ಅದರಲ್ಲಿ ಅರ್ಥ ಹೇಳಲು ಹೋಗುತ್ತಿದ್ದದ್ದುಂಟು. ಅಷ್ಟರಲ್ಲಿ ಮಾವ ಬಾಗಿಲ ದಾರಂದಕ್ಕೆ ಒರಗಿ ನಿಧಾನವಾಗಿ ಕೆಳಗೆ ಕುಳಿತರು. ನಾನು ಓಡಿ ಹೋಗಿ ನೋಡಿದೆ. ಬಾಯಿ ಒಂದು ಕಡೆಗೆ ಇಳಿದಿತ್ತು, ಬಲಗೈ ಎತ್ತಲಾಗುತ್ತಿರಲಿಲ್ಲ. ಪುಸ್ತಕದಲ್ಲಿ ಬರೆದದ್ದೆಲ್ಲ ಸರಿಯಾಗಿಯೇ ಇತ್ತು.

ಬಾಡಿಗೆ ಕಾರು ಮಾಡಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಕೆಲವು ದಿನ ಮಾತೇ ಇರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಕಣ್ಣು ಬಿಟ್ಟು, ಮಂಚದ ಪಕ್ಕ ಕುಳಿತಿದ್ದ ಅತ್ತೆಯನ್ನು ನೋಡಿ, ತೊದಲುತ್ತ ಆದರೆ ಸ್ಪಷ್ಟವಾಗಿ ಕೇಳಿದರು: "ತಾವು ಊಟ ಮಾಡಿದಿರಾ?"

ಅತ್ತೆ ಸೆರಗು ಬಾಯಿಗೆ ಹಿಡಿದು ಅತ್ತುಬಿಟ್ಟರು. ನನ್ನ ಅಮ್ಮನೂ ಅತ್ತರು. ಕಟ್ಟಿಕೊಂಡ ಹೆಂಡತಿಯನ್ನು ಹೊರಗಿನವರ ಹಾಗೆ ಮಾತಾಡಿಸಿದರೆ ಯಾರಿಗೆ ತಾನೇ ಸಂಕಟವಾಗುವುದಿಲ್ಲ ಎಂದು ವಾರ್ಡಿನವರೆಲ್ಲ ಮಾತಾಡಿಕೊಂಡರು.

ಮಾವನ ತುಳು ಹೋಗಿತ್ತು. ನಾವು ತುಳುವಿನಲ್ಲಿ ಹೇಳಿದ್ದು ಅವರಿಗೆ ತಿಳಿಯುತ್ತಿತ್ತು. ಉತ್ತರ ಕೊಡಲು ಬಾಯಿ ತೆರೆದರೆ ಕನ್ನಡ ಬರುತ್ತಿತ್ತು, ಅದೂ ಪಾಠ ಮಾಡುವ ಕನ್ನಡ. ಎರಡು ಭಾಷೆ ಇದ್ದವರಿಗೆ ಮೆದುಳಿನ ಒಂದು ಕಡೆ ಪೆಟ್ಟಾದರೆ ಹೀಗೆ ಒಂದು ಹೋಗಿ ಒಂದು ಉಳಿಯುವುದುಂಟು ಎಂದು ನನ್ನ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಅಲ್ಲಿಯ ಹಿರಿಯ ಡಾಕ್ಟರಿಗೆ ನಾನು ಅದನ್ನು ಹೇಳಿದೆ. ಅವರು, "ಮಾತು ಬಂತಲ್ಲ ಮಾರಾಯ್ತಿ, ಯಾವುದಾದ್ರೆ ಏನು?" ಎಂದು ಮುಂದಿನ ಮಂಚಕ್ಕೆ ಹೋದರು.

ಮನೆಗೆ ಬಂದ ಮೇಲೆ ತೊಂದರೆ ಶುರುವಾಯಿತು. ನೋಡಲು ಬಂದ ನೆಂಟರಿಗೆ ಮಾವ ಮನೆಯ ಮುಂದಿನ ಚಾವಡಿಯಲ್ಲಿ ಒರಗಿ ಕುಳಿತು, "ತಾವು ಯಾವಾಗ ಆಗಮಿಸಿದಿರಿ? ಆಸೀನರಾಗಿ" ಎನ್ನುತ್ತಿದ್ದರು. ಸಿದ್ಧಕಟ್ಟೆಯಿಂದ ಬಂದಿದ್ದ ಅವರ ದಾಯಾದಿಯೊಬ್ಬರು, ಜಾಗದ ತಕರಾರಿನಿಂದ ಮೊದಲೇ ಮುನಿಸಿಕೊಂಡವರು, ಇದು ತಮಾಷೆ ಎಂದು ತಿಳಿದು ಕಾಫಿ ಕುಡಿಯದೆ ಎದ್ದು ಹೋದರು. ದೈವದ ಹತ್ತಿರ ಅರಿಕೆ ಮಾಡಿಕೊಳ್ಳುವ ಎಂದು ಅಮ್ಮ ಹೇಳಿದರು. ಆಗ ಇನ್ನೊಂದು ಪ್ರಶ್ನೆ ಬಂತು. ನಮ್ಮ ದೈವ ಪಾತ್ರಿಯ ಮೈಮೇಲೆ ಬಂದು ನುಡಿ ಕೊಡುವುದು ತುಳುವಿನಲ್ಲಿ. ಮಾವ ಎದುರು ನಿಂತು ಕನ್ನಡದಲ್ಲಿ ಅರಿಕೆ ಮಾಡಿದರೆ ದೈವಕ್ಕೆ ಮುಜುಗರವಾಗಲಿಕ್ಕಿಲ್ಲವೇ? ಇದನ್ನು ಇಡೀ ಸಂಜೆ ಚರ್ಚಿಸಿ, ಮಾವನ ಪರವಾಗಿ ಅಮ್ಮ ಹೇಳುವುದು ಎಂದು ತೀರ್ಮಾನವಾಯಿತು. ಗುಣವಾಗುತ್ತದೆ ಎಂದು ನುಡಿಯಾಯಿತು. ಯಾವಾಗ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಎಲ್ಲರಿಗೂ ಕನಿಕರ ಅತ್ತೆಯ ಮೇಲೆ. ಅವರು ಶಾಲೆಗೆ ಹೋದದ್ದು ಬಹಳ ಕಡಿಮೆ. ಯಕ್ಷಗಾನ ನೋಡಿ ನೋಡಿ ಕನ್ನಡ ಕೇಳಿದರೆ ಸುಮಾರು ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಗಂಡ ಏನೋ ಹೇಳುವುದು, ಹೆಂಡತಿ ತುಳುವಿನಲ್ಲಿ ಅಂದಾಜಿಗೆ ಉತ್ತರ ಕೊಡುವುದು. ನನಗೆ ಅದನ್ನು ನೋಡಿ ನಿಜವಾಗಿಯೂ ಬೇಸರವಾಗುತ್ತಿತ್ತು. ಒಂದು ದಿನ ಅವರ ಕೈ ಹಿಡಿದು, "ಅತ್ತೆ, ನನಗೆ ಸೀಟು ಸಿಕ್ಕಲಿ. ಮಾವನ ತುಳುವನ್ನು ನಾನು ವಾಪಸ್ ತರಿಸ್ತೇನೆ" ಎಂದು ಮಾತು ಕೊಟ್ಟೆ. ಅತ್ತೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ನನ್ನ ಮೇಲೆ ನಂಬಿಕೆ ಸಾಲದು ಎಂದು ತಿಳಿದು ನಾನು ಇನ್ನಷ್ಟು ಓದಿದೆ.

ಬರವಣಿಗೆಯ ಪರೀಕ್ಷೆ ಪಾಸಾಗಿ ಸಂದರ್ಶನಕ್ಕೆ ಬೆಂಗಳೂರಿಗೆ ಹೋದೆ. ಮೇಜಿನ ಆಚೆ ಕುಳಿತಿದ್ದವರಲ್ಲಿ ಒಬ್ಬರು, ಹೆರಿಗೆ ವಿಭಾಗ ಯಾಕೆ ಬೇಡ ಎಂದು ಕೇಳಿದರು. ಅಮ್ಮನೇ ಅಲ್ಲಿಗೆ ಬಂದು ಕುಳಿತ ಹಾಗಾಯಿತು. ಇನ್ನೊಬ್ಬರು, ಯಾವುದಾದರೂ ಕುತೂಹಲದ ರೋಗಿಯನ್ನು ನೋಡಿದ್ದೀರಾ ಎಂದಾಗ ನಾನು ಮಾವನ ಕಥೆ ಹೇಳಿದೆ. ತುಳು ಎಂದರೆ ಕನ್ನಡದ ಒಂದು ಬಗೆಯಲ್ಲವೇ ಎಂದು ಒಬ್ಬರು ಕೇಳಿದರು. ಅಲ್ಲ ಎಂದು ನಾನು ಹೇಳಿದ್ದು ಸ್ವಲ್ಪ ಗಟ್ಟಿಯಾಯಿತು. ಕೊನೆಯಲ್ಲಿ ಕುಳಿತಿದ್ದ ವಯಸ್ಸಾದ ಪ್ರೊಫೆಸರರು ಕನ್ನಡಕ ತೆಗೆದು ಒರೆಸಿಕೊಂಡು, ಆ ರೋಗಿಯ ಹೆಂಡತಿಗೆ ಕನ್ನಡ ಬರುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಅವರು ಏನನ್ನೋ ಬರೆದುಕೊಂಡರು. ನನಗೆ ಸೀಟು ಸಿಕ್ಕಿತು. ಒಂಬತ್ತನೆಯ ನರವನ್ನು ಯಾರೂ ಕೇಳಲಿಲ್ಲ.

ಆ ಪ್ರೊಫೆಸರರೇ ನನ್ನ ಗುರುಗಳಾದರು. ಮೊದಲ ರಜೆಗೆ ಊರಿಗೆ ಹೊರಟಾಗ ಕರೆದು ಚಿಕಿತ್ಸೆ ಹೇಳಿಕೊಟ್ಟರು. ಮನೆಯಲ್ಲಿ ಯಾರೂ ಕನ್ನಡ ಮಾತಾಡಬಾರದು. ಅವರು ಕನ್ನಡದಲ್ಲಿ ಏನು ಕೇಳಿದರೂ ಕೊಡಬಾರದು, ತುಳುವಿನಲ್ಲಿ ಕೇಳುವ ತನಕ ಕಾಯಬೇಕು. ಮುಖ್ಯವಾಗಿ ಹೆಂಡತಿ. ಹಳೆಯ ಮಾತುಗಳು ಹೆಂಡತಿಯ ಜೊತೆಗೇ ಮೊದಲು ಬರುವುದು.

ಇದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಮೂಡುಬಿದಿರೆಯಲ್ಲಿ ಇಳಿದು ಮನೆಯ ಮೆಟ್ಟಿಲು ಹತ್ತುವಾಗ ಚಾವಡಿಯಿಂದ ಅತ್ತೆಯ ಸ್ವರ ಕೇಳಿತು.

"ಕಷಾಯ ಬಿಸಿ ಇರುತ್ತದೆ. ನಿಧಾನ ಕುಡಿಯಿರಿ."

"ಬಿಸಿಯಾಗಿದೆ ಎನ್ನಬೇಕು" ಎಂದರು ಮಾವ. "ಇರುತ್ತದೆ ಎಂದರೆ ಯಾವಾಗಲೂ ಎಂದಾಗುತ್ತದೆ."

"ಬಿಸಿಯಾಗಿದೆ" ಎಂದರು ಅತ್ತೆ.

ಊಟವಾದ ಮೇಲೆ ನಾನು ಎಲ್ಲರನ್ನೂ ಕೂರಿಸಿ ಚಿಕಿತ್ಸೆಯನ್ನು ವಿವರಿಸಿದೆ. ಅಮ್ಮ ಅದಕ್ಕೆಂದೇ ಬೆಳ್ತಂಗಡಿಯಿಂದ ಬಂದಿದ್ದರು, ತಕ್ಷಣ ಒಪ್ಪಿದರು. ಮಾವ, "ಪ್ರಯೋಗಕ್ಕೆ ನಾನು ಸಿದ್ಧನಿದ್ದೇನೆ" ಎಂದರು. ಅತ್ತೆ ಎದ್ದು ಹಿತ್ತಿಲಿಗೆ ಹೋದರು. ನಾನು ಹಿಂದೆಯೇ ಹೋದೆ. ಅವರು ಬಸಳೆ ದಂಟು ಮುರಿಯುತ್ತಿದ್ದರು.

"ಮಗಾ, ಅದು ಮಾಡ್ಲೇಬೇಕಾ?"

"ಮಾಡಿದ್ರೆ ತುಳು ಬರ್ತದೆ ಅತ್ತೆ."

"ಬಂದ್ರೆ ಇದು ಹೋಗ್ತದಾ?"

"ಯಾವುದು?"

ಅತ್ತೆ ದಂಟನ್ನು ಬುಟ್ಟಿಗೆ ಹಾಕಿದರು. "ಒಂದು ದಿನ ಬಟ್ಟೆ ಒಗೆದು ಬಂದೆ. 'ತಮಗೆ ಆಯಾಸವಾಗಿದೆಯೇ?' ಅಂತ ಕೇಳಿದ್ರು. ಆಯಾಸ ಅಂದ್ರೆ ಎಂತ ಅಂತ ನನಗೆ ಗೊತ್ತಾಗ್ಲಿಲ್ಲ. ಬಸದಿಯ ಹತ್ರದ ಮನೆಯ ಟೀಚರಮ್ಮನ ಹತ್ರ ಹೋಗಿ ಕೇಳಿದೆ. ಬಚ್ಚೆಲ್ ಅಂತೆ." ಬಚ್ಚೆಲ್ ಎಂದರೆ ತುಳುವಿನಲ್ಲಿ ದಣಿವು. "ಬಚ್ಚೆಲ್ ಅಂದ್ರೆ ನನಗೆ ಗೊತ್ತಿಲ್ವಾ? ಮದುವೆ ಆದಾಗಿಂದ ಗೊತ್ತುಂಟು. ಆದ್ರೆ ಉಂಟಾ ಅಂತ ನನ್ನ ಹತ್ರ ಯಾರೂ ಕೇಳಿರ್ಲಿಲ್ಲ."

ಅತ್ತೆ ಇನ್ನೊಂದು ದಂಟು ಮುರಿದರು.

"ಆಸ್ಪತ್ರೆಯಲ್ಲಿ ನಾನು ಅತ್ತದ್ದು ಯಾಕಂತ ನೀವೆಲ್ಲ ತಿಳ್ಕೊಂಡ್ರಿ, ನನಗೆ ಗೊತ್ತುಂಟು. ತಾವು ಊಟ ಮಾಡಿದಿರಾ ಅಂತ ಕೇಳಿದ್ರು ಮಗಾ. ನನ್ನನ್ನು. ಮಂಚದಲ್ಲಿ ಮಲಗಿದವರು ಅವರು."

ತುಳು ಬಂದರೆ ಇದು ಹೋಗುತ್ತದೆಯೇ ಎಂಬುದು ಮೆದುಳಿಗೆ ಸಂಬಂಧಿಸಿದ ಪ್ರಶ್ನೆಯೇ. ನನಗೆ ಸರಕಾರ ಸ್ಟೈಪೆಂಡ್ ಕೊಡುತ್ತಿದ್ದದ್ದೂ ಅಂಥ ಪ್ರಶ್ನೆಗಳಿಗಾಗಿಯೇ. ಗೊತ್ತಿಲ್ಲ ಎಂದೆ. ನನಗೆ ಅಳು ಬಂದಿತ್ತು. ಅತ್ತೆಯ ಎದುರು ಅಳುವ ಅಧಿಕಾರ ನನಗಿದೆ ಎಂದು ಅನಿಸಲಿಲ್ಲ. ಬಸಳೆ ಮುರಿಯಲು ಕೂತೆ.

ಚಿಕಿತ್ಸೆ ನಡೆಯಲಿಲ್ಲ. ಅಮ್ಮ ಎರಡು ದಿನ ಮಾವನಿಗೆ ತುಳು ಹಾಡು ಹೇಳಿಕೊಟ್ಟು, ಅವರು ಅದರ ಛಂದಸ್ಸನ್ನು ವಿವರಿಸಲು ತೊಡಗಿದ ಮೇಲೆ ಬೆಳ್ತಂಗಡಿಗೆ ಹೋದರು. ಬೆಂಗಳೂರಿಗೆ ಮರಳಿ ಗುರುಗಳಿಗೆ, ಹೆಂಡತಿ ಸಹಕರಿಸಲಿಲ್ಲ ಎಂದು ವರದಿ ಒಪ್ಪಿಸಿದೆ. ಯಾಕೆ ಎಂದರು. ಹೇಳಿದೆ. ಅವರು, ಇದನ್ನು ಪ್ರಬಂಧದಲ್ಲಿ ಬರೆಯಲಾಗುವುದಿಲ್ಲ ಎಂದರು. ಆಮೇಲೆ, ಕೇಳಿರದಿದ್ದರೂ, ತಮ್ಮ ಹೆಂಡತಿಯ ಜೊತೆ ತಾವು ಮಾತಾಡುವುದು ಇಂಗ್ಲಿಷಿನಲ್ಲಿ ಎಂದು ತಿಳಿಸಿದರು.

ಮೆದುಳು ಯಾರ ಅನುಮತಿಗೂ ಕಾಯುವುದಿಲ್ಲ. ಮುಂದಿನ ವರ್ಷ ನಾನು ರಜೆಯಲ್ಲಿದ್ದಾಗಲೇ ಅದು ನಡೆಯಿತು. ಅಮ್ಮ ಬಂದಿದ್ದರು. ಮುನಿಸಿಕೊಂಡಿದ್ದ ದಾಯಾದಿಯೂ ರಾಜಿಗೆಂದು ಬಂದು ಚಾವಡಿಯಲ್ಲಿ ಕುಳಿತಿದ್ದರು. ಮಾವ ಪೇಪರ್ ಮಡಚಿ ಪಕ್ಕಕ್ಕಿಟ್ಟು ಒಳಗೆ ನೋಡಿ ಕರೆದರು:

"ಓಯ್, ಇಂಚಿ ಬಲ."

ಇಲ್ಲಿ ಬಾ ಎಂದು. ಅಪ್ಪಟ ತುಳು. ಮೊದಲಿನದ್ದೇ ಸ್ವರ, ಮೊದಲಿನದ್ದೇ ಗತ್ತು. ಅಮ್ಮ ಎರಡೂ ಕೈ ಎತ್ತಿ ದೈವಕ್ಕೆ ಮುಗಿದರು. ದಾಯಾದಿ ನನ್ನ ಕಡೆಗೆ ತಿರುಗಿ, "ಕಲಿತದ್ದು ಸಾರ್ಥಕ ಆಯ್ತು ನೋಡು" ಎಂದರು. ಮಾವನಿಗೂ ತಾನು ಏನು ಹೇಳಿದೆ ಎಂದು ಆಗಲೇ ಗೊತ್ತಾದದ್ದು; ಹುಡುಗನ ಹಾಗೆ ನಕ್ಕರು.

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಎಲ್ಲರನ್ನೂ ಒಮ್ಮೆ ನೋಡಿದರು. ಆಮೇಲೆ ಮಾವನನ್ನು ನೋಡಿ, ಒಂದೊಂದೇ ಶಬ್ದವನ್ನು ಬಿಡಿಸಿ, ತಪ್ಪಿಲ್ಲದೆ ಹೇಳಿದರು:

"ಕ್ಷಮಿಸಬೇಕು. ನನಗೆ ತುಳು ಅರ್ಥವಾಗುವುದಿಲ್ಲ."

ಮಾವನ ನಗು ಅಲ್ಲೇ ನಿಂತಿತು. ಅವರು ಅತ್ತೆಯ ಮುಖವನ್ನು ಬಹಳ ಹೊತ್ತು ನೋಡಿದರು. ನನಗೆ ತಿಳಿದ ಮಟ್ಟಿಗೆ ಅಷ್ಟು ಹೊತ್ತು ಎಂದೂ ನೋಡಿದವರಲ್ಲ. ಆಮೇಲೆ ಸರಿಯಿದ್ದ ಎಡಗೈಯಿಂದ ಬೆಂಚನ್ನು ಹಿಡಿದು ಎದ್ದು ನಿಂತರು.

"ತಾವು ಸ್ವಲ್ಪ ಇಲ್ಲಿಗೆ ಬರುತ್ತೀರಾ?" ಎಂದರು.

ಅತ್ತೆ ಕೈ ಒರೆಸಿಕೊಂಡು ಹೊರಗೆ ಬಂದರು.