ಹುಳದ ಮನೆ ಕಾನೂನು

ಕರುಳು ಕಟ್ಟಿಕೊಂಡು ಪ್ರಾಣಕ್ಕೆ ಬಂದಾಗ ಕನಕಪುರದ ಆಸ್ಪತ್ರೆಯೊಂದರಲ್ಲಿ ನನ್ನ ಹೊಟ್ಟೆ ಕೊಯ್ದು, ಕರುಳಿನ ಒಂದು ತುಂಡನ್ನೇ ತೆಗೆದುಹಾಕಿದರು. ಆಮೇಲೆ ನಾನು ಮೊದಲ ಸಲ ಹೂಸು ಬಿಟ್ಟಾಗ ವಾರ್ಡಿಗೆ ವಾರ್ಡೇ ಖುಷಿಪಟ್ಟಿತು. ಕರುಳು ಕೆಲಸ ಶುರುಮಾಡಿತೆಂದು ನರ್ಸಮ್ಮ ಡಾಕ್ಟರಿಗೆ ಹೇಳಲು ಓಡಿದರು, ನಾನೇನೋ ರ‍್ಯಾಂಕ್ ಬಂದವನ ಹಾಗೆ. ಬದುಕಿದೆನಲ್ಲ ಎಂಬ ಸಂತೋಷಕ್ಕೆ ನನ್ನ ಮನಸ್ಸು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಏನು ಕಂಡರೂ ನಗು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಅದಕ್ಕೂ ನಗು.

ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಬಿಟ್ಟು ನನ್ನ ಹೆಂಡತಿಗೆ ಹೇಳಿದರು: "ಕರುಳಿನ ಆಪರೇಷನ್ನಮ್ಮ, ಗಾಯ ಬೇಗ ಕೀವಾಗುತ್ತೆ. ಸೋಪು ಹಾಕಿ ಕೈ ತೊಳೆಯದೆ ಯಾರೂ ಮುಟ್ಟಬೇಡಿ. ಅದೂ ಇದೂ ಹಚ್ಚಬೇಡಿ. ಕೆಂಪಾದ್ರೆ, ಜ್ವರ ಬಂದ್ರೆ ತಕ್ಷಣ ಬನ್ನಿ. ಕೀವು ಒಳಗಿಳಿದ್ರೆ ಮತ್ತೆ ಹೊಟ್ಟೆ ಕೊಯ್ಯಬೇಕಾಗುತ್ತೆ."

ಆದರೆ ಕೋಡಿಹಳ್ಳಿ ಕಡೆಯ ನಮ್ಮೂರಿನಲ್ಲಿ ಕಾಯಿಲೆಯವನನ್ನು ನೋಡುವುದೆಂದರೆ ಬ್ರೆಡ್ಡು ಕೊಟ್ಟು ಹೋಗುವುದಲ್ಲ. ಮಂಚದ ಮೇಲೇ ಕೂರಬೇಕು, ಅಂಗಿ ಎತ್ತಿಸಬೇಕು, ಬ್ಯಾಂಡೇಜು ಸರಿಸಿ ಹೊಲಿಗೆ ನೋಡಿ 'ಅಯ್ಯೋ' ಅನ್ನಬೇಕು. "ಏನ್ಲಾ ಇದು, ಗೋಣಿಚೀಲ ಹೊಲ್ದಂಗೆ ಹೊಲ್ದವ್ರೆ!" ಎಂದ ಒಬ್ಬ ಗೆಳೆಯ. ನಾನೂ ಗೆದ್ದು ಬಂದವನಂತೆ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಕೊನೆಗೆ ಚಿಕ್ಕಮ್ಮ ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ತಂದರು. "ಒಸಿ ಅಚ್ತೀನಿ ಸುಮ್ನಿರು ಮಗಾ, ಬೇಗ ಮಾಗ್ತದೆ" ಎನ್ನುತ್ತಾ ಅವರ ಹಳದಿ ಬೆರಳು ಗಾಯದ ಹತ್ತಿರವೇ ಬಂದಾಗ ನನ್ನ ನಗು ನಿಂತಿತು. ಮತ್ತೆ ಕೊಯ್ಯಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಕಿರುಚಿದೆ.

ಹೆಂಡತಿ ಹಿತ್ತಲ ಕಡೆಯ ರೇಷ್ಮೆ ಹುಳದ ಮನೆಯಿಂದ ಓಡಿಬಂದಳು. ಆ ಮನೆಗೆ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದದೆ, ಕೈ ತೊಳೆಯದೆ ಯಾರೂ ಕಾಲಿಡುವಂತಿಲ್ಲ. ಹುಳಕ್ಕೆ ರೋಗ ತಗುಲಿದರೆ ಇಡೀ ಬೆಳೆಯೇ ಹೋಗುತ್ತದೆಂದು ಸ್ವಂತ ತಮ್ಮನನ್ನೂ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದವಳು ಅವಳು.

"ಹುಳಕ್ಕಿರೋ ಮರ್ವಾದೆ ನಂಗಿಲ್ವೇನೇ?" ಎಂದು ರೇಗಿದೆ. ಅವಳು ಚಿಕ್ಕಮ್ಮನ ಬೆರಳು ನೋಡಿದಳು, ನನ್ನ ಹೊಟ್ಟೆ ನೋಡಿದಳು, ಅರಿಶಿನದ ಬಟ್ಟಲನ್ನೇ ಎತ್ತಿಕೊಂಡು ಹೋದಳು.

ಮಾರನೆಯ ಬೆಳಿಗ್ಗೆ ನನ್ನ ಕೋಣೆಯ ಹೊಸಿಲಲ್ಲಿ ಬ್ಲೀಚಿಂಗ್ ನೀರಲ್ಲಿ ನೆನೆದ ಗೋಣಿತಟ್ಟು, ಬಕೆಟ್ಟು, ಸೋಪು. ಹುಳಕ್ಕೆ ಉದುರಿಸುವ ಸುಣ್ಣದ ಪುಡಿಯನ್ನು ನನ್ನ ಮಂಚದ ಸುತ್ತಲೂ ಎರಚಲು ಹೊರಟಿದ್ದಳು. ಕೈಮುಗಿದು ಅದೊಂದನ್ನು ತಪ್ಪಿಸಿಕೊಂಡೆ. ಬಂದವರಿಗೆಲ್ಲ ಅವಳದು ಒಂದೇ ಮಾತು: "ಹುಳದ್ ಮನೆ ಕಾನೂನು. ಕಿಟಕಿ ತಾವ್ಲೇ ನಿಂತ್ಕಂಡು ಮಾತಾಡ್ಸಿ."

ಒಬ್ಬರಾದರೂ ಮುನಿಸಿಕೊಳ್ಳಬೇಕಲ್ಲ! ಡಾಕ್ಟರ ಹೆಸರು ಹೇಳಿದ್ದರೆ ಮೂತಿ ತಿರುವುತ್ತಿದ್ದ ಜನ, ಹುಳದ ಹೆಸರು ಕೇಳಿದ್ದೇ ಹಿಂದೆ ಸರಿದು ನಿಂತರು. ಹುಳ ಸಾಕದ ಮನೆ ನಮ್ಮೂರಲ್ಲಿ ಹುಡುಕಬೇಕು. ಚಿಕ್ಕಮ್ಮನೇ ಕಿಟಕಿಯ ಕಾವಲಿಗೆ ನಿಂತು, "ದೂರ ನಿಂತ್ಕಳ್ರೋ, ಕೆಮ್ಬೇಡ್ರೋ" ಎಂದು ಮಿಕ್ಕವರನ್ನು ಗದರಿಸತೊಡಗಿದರು. ಒಳಗೆ ನಾನು ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆ.

ಹೆಂಡತಿ ಮಾತ್ರ ಗಂಜಿಯ ಲೋಟ ಇಟ್ಟವಳೇ ಬಾಗಿಲಿಗೆ ಸರಿದುಬಿಡುತ್ತಿದ್ದಳು. ಹುಳಕ್ಕೆ ಸೊಪ್ಪು ಹಾಕುವ ಅವಸರವಿರಬೇಕು, ಗಂಡನಿಗಿಂತ ಹುಳವೇ ಹೆಚ್ಚು ಇವಳಿಗೆ ಎಂದು ಗೊಣಗಿಕೊಂಡೆ.

ಹೊಲಿಗೆ ಬಿಚ್ಚಿದ ದಿನ ಡಾಕ್ಟರು ಗಾಯವನ್ನು ಬಗ್ಗಿ ನೋಡಿ, "ಸೋಂಕಿನ ಸುಳಿವೇ ಇಲ್ಲ ಕಣ್ರೀ" ಎಂದರು. ನಾನು ಕುಣಿಯುವುದೊಂದು ಬಾಕಿ.

ಹೆಂಡತಿ ಅಲ್ಲಿಯೂ ಬಾಗಿಲಲ್ಲೇ ನಿಂತಿದ್ದಳು. "ಸಾರ್, ಇನ್ಮೇಲೆ ಇವ್ರನ್ನ ನಾನು ಮುಟ್ಬೋದಾ?"

"ನೀವು ಮುಟ್ಟಬಾರದು ಅಂತ ಯಾರಮ್ಮ ಹೇಳಿದ್ದು?"

"ದಿನಾ ಹುಳದ ಕಸ, ಸಗಣಿ ಎತ್ತೋ ಕೈ ಸಾರ್. ಎಷ್ಟ್ ತೊಳುದ್ರೂ ನಂಗೇ ನಂಬ್ಕೆ ಬರ್ನಿಲ್ಲ."

ಡಾಕ್ಟರು ನಕ್ಕು ತಲೆಯಾಡಿಸಿದರು. ಅವಳು ಬಂದು, ಎಲ್ಲರೆದುರಿಗೇ ನನ್ನ ಕೆನ್ನೆಯ ಮೇಲೆ ಅಂಗೈ ಇಟ್ಟಳು. ತೊಳೆದೂ ತೊಳೆದೂ ಸಿಪ್ಪೆ ಎದ್ದು ಬಿರುಕು ಬಿಟ್ಟಿತ್ತು ಆ ಕೈ. ಅಷ್ಟು ದಿನ ನಕ್ಕಿದ್ದ ನಾನು ಅಲ್ಲಿ ಕೂತು ಅತ್ತುಬಿಟ್ಟೆ.