ಮೊದಲ ತುತ್ತು ಯಾರ ಕೈಯಿಂದ

ನಮ್ಮತ್ತೆಗೆ ಕ್ವಾರ್ಟರ್ಸಿನವರೆಲ್ಲ ಸೇರಿ ಇಟ್ಟ ಹೆಸರು ಪತ್ತೇದಾರಮ್ಮ. ಸುಮ್ಮನೆ ಇಟ್ಟಿದ್ದಲ್ಲ. ಹಾಲಿನ ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ತಾರೀಖು ನೋಡುವವರು, ತಾರಸಿಯಿಂದ ಬಟ್ಟೆ ತರುವಾಗ ಕ್ಲಿಪ್ಪು ಎಣಿಸುವವರು, ಡಾಕ್ಟರು ಕೊಟ್ಟ ಔಷಧಿಯನ್ನು ಮೊದಲು ತಾವು ನೆಕ್ಕಿ ನೋಡುವವರು. ಗಂಡ ಸೈನ್ಯದಲ್ಲಿದ್ದರು, ಮಗನೂ ಸೈನ್ಯಕ್ಕೇ ಸೇರಿದರು. "ನಲವತ್ತು ವರ್ಷದಿಂದ 'ಬರ್ತೀನಿ' ಅನ್ನೋ ಮಾತು ಕೇಳಿಸ್ಕೊಂಡು ಬಂದಿದೀನಿ ಕಣೇ. ಮನುಷ್ಯ ಒಳಗೆ ಬಂದು ಬೂಟು ಬಿಚ್ಚೋವರೆಗೂ ನಾನು ನಂಬಲ್ಲ" ಎನ್ನುತ್ತಿದ್ದರು. ಇಂಥವರ ಮೇಲೆ ನಾನು ಅನುಮಾನಪಟ್ಟು ದಿನಗಟ್ಟಲೆ ಹೊಂಚು ಹಾಕಿದೆ ಎಂದರೆ ನಗಬೇಡಿ.

ನಮ್ಮ ಸಾಲುಮನೆಗಳಲ್ಲಿ ಹಬ್ಬ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ. ಯಾರ ಮನೆಯ ಗಂಡಸಿಗೆ ಯಾವತ್ತು ರಜೆ ಸಿಗುತ್ತದೋ ಅವತ್ತೇ ಆ ಮನೆಗೆ ಹಬ್ಬ. ಹೊಸ ವರ್ಷ ಕಳೆದು ಎರಡು ತಿಂಗಳಾಗಿದ್ದರೂ ಸರಿ, ಬಾಗಿಲಿಗೆ ಬಣ್ಣದ ದೀಪದ ಸರ ಬಿತ್ತೆಂದರೆ ಅಕ್ಕಪಕ್ಕದವರು ಹೊಸ ಬಟ್ಟೆ ಹಾಕಿಕೊಂಡು ಹೋಗಿ ಶುಭಾಶಯ ಹೇಳಬೇಕು. ತಾರೀಖಿನ ಮಾತು ಎತ್ತಬಾರದು. ಗಂಡಸು ಬಾರದೆ ಯಾರೂ ಸರ ಕಟ್ಟುವುದಿಲ್ಲ.

ಮಗುವಿಗೆ ಆರು ತಿಂಗಳು ತುಂಬಿದಾಗ ನನ್ನ ಗಂಡ ದೂರದ ಗಡಿಯಲ್ಲಿ ಸೈನ್ಯದ ಲಾರಿ ಓಡಿಸುತ್ತಿದ್ದರು. ಫೋನಿನಲ್ಲಿ ಒಂದೇ ಮಾತು. "ಮೊದಲ ತುತ್ತು ನಾನೇ ತಿನ್ನಿಸಬೇಕು ಕಣೇ. ಹುಟ್ಟಿದಾಗ ಇರ್ಲಿಲ್ಲ, ಮಗುಚಿಕೊಂಡಾಗ ಇರ್ಲಿಲ್ಲ. ಇದೊಂದನ್ನ ನನಗೆ ಬಿಡು. ರಜೆ ಮಂಜೂರಾಗಿದೆ." ಬಿಟ್ಟೆ. ರಜೆ ಒಂದು ಸಲ ಮುಂದೆ ಹೋಯಿತು, ಇನ್ನೊಂದು ಸಲವೂ ಹೋಯಿತು. ಮಗು ನಮ್ಮ ತಟ್ಟೆ ಕಂಡರೆ ಸಾಕು, ಕೈಕಾಲು ಬಡಿಯುತ್ತಿತ್ತು. ನಾವಿಬ್ಬರೂ ಕಳ್ಳರ ಹಾಗೆ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ಉಣ್ಣುತ್ತಿದ್ದೆವು.

ತೂಕ ನೋಡುವ ದಿನ ನರ್ಸಮ್ಮ ಮುಖ ಗಂಟಿಕ್ಕಿದರು. "ಎದೆಹಾಲು ಒಂದೇ ಸಾಕಾಗಲ್ಲ ಇನ್ನು. ತೂಕ ನಿಂತಲ್ಲೇ ನಿಂತಿದೆ. ಏನಕ್ಕೆ ಕಾಯ್ತಿದೀಯಮ್ಮ?"

ತೂಕದ ಕಾರ್ಡು ಮಡಚಿ ಚೀಲಕ್ಕೆ ಹಾಕಿಕೊಂಡೆ. ಕಾರಣ ಹೇಳಿದರೆ ಬೈಯುತ್ತಿದ್ದರು, ಬೈಯಬೇಕಾದದ್ದೇ. ಇನ್ನು ಹದಿನೈದೇ ದಿನ, ಈ ಸಲ ಬಂದೇ ಬರುತ್ತಾರೆ ಎಂದು ಹಲ್ಲು ಕಚ್ಚಿ ಕಾದೆ. ದಿನವೂ ಮಗುವಿನ ತೋಳಿಗೆ ಬೆರಳು ಸುತ್ತಿ ಅಳೆದು ನೋಡುತ್ತಿದ್ದೆ.

ಆಮೇಲೆ ಶುರುವಾಯಿತು ನೋಡಿ. ಬೆಳಿಗ್ಗೆ ಹತ್ತಕ್ಕೆ ಹಾಲಿಗೆ ಚೀರುತ್ತಿದ್ದ ಮಗು ಎದೆಗೆ ಹಾಕಿಕೊಂಡರೆ ಮುಖ ತಿರುಗಿಸತೊಡಗಿತು. ನಾನು ಸೈನ್ಯದವರ ಅಂಗಡಿ ಕ್ಯಾಂಟೀನಿನಿಂದ ಸಾಮಾನು ತರುವಷ್ಟರಲ್ಲಿ ಮಗುವಿನ ಕಕ್ಕದ ಬಟ್ಟೆಯೆಲ್ಲ ಒಗೆದಾಗಿರುತ್ತಿತ್ತು. ಸೊಂಟನೋವು ಅಂತ ಒಂದು ಚೊಂಬು ನೀರೆತ್ತದ ನಮ್ಮತ್ತೆಗೆ ಇದೇನಪ್ಪಾ ಹುರುಪು? ಒಂದು ದಿನ ಅವರಿಗಿಂತ ಮುಂಚೆ ನಾನೇ ಬಟ್ಟೆ ಬಿಚ್ಚಿದೆ. ಕಿತ್ತಳೆ ಬಣ್ಣ!

"ಏನತ್ತೆ ಇದು?"

"ಹಲ್ಲು ಬರೋವಾಗ ಹಾಗೇ ಕಣೇ. ನಿನ್ನ ಗಂಡನಿಗೂ ಹಾಗೇ ಆಗಿತ್ತು."

ನನ್ನ ಮುಖ ನೋಡದೆ ಹೇಳಿದರು. ಪಕ್ಕದ ಮನೆಯ ಕಹಳೆಯವರ ಹೆಂಡತಿ, ಅಂದರೆ ಸೈನ್ಯದ ಬ್ಯಾಂಡಿನಲ್ಲಿ ಕಹಳೆ ಊದುವವರ ಹೆಂಡತಿ, ಅತ್ತೆಯ ಜೊತೆ ಮಾತಾಡುತ್ತಿದ್ದವಳು ನಾನು ಬಂದ ಕೂಡಲೇ ಹವಾಮಾನದ ವಿಷಯ ಎತ್ತಿದಳು. ಬಟ್ಟೆ ತರುತ್ತೇನೆಂದು ಅತ್ತೆ ಫೋನ್ ಹಿಡಿದು ತಾರಸಿಗೆ ಹೋದರು. ತಾರಸಿಯಲ್ಲಿ ಅವತ್ತು ಒಂದು ಕರವಸ್ತ್ರವೂ ಒಣಗುತ್ತಿರಲಿಲ್ಲ. ನಾನೂ ಅವರ ಸೊಸೆಯೇ ತಾನೆ? ಬುಟ್ಟಿಯಲ್ಲಿದ್ದ ಕ್ಯಾರೆಟ್ ಎಣಿಸಿಟ್ಟೆ. ಒಂಬತ್ತು ಇದ್ದದ್ದು ಮರುದಿನಕ್ಕೆ ಎಂಟಾಯಿತು.

ಮಾರನೆಯ ಬೆಳಿಗ್ಗೆ ಕ್ಯಾಂಟೀನಿಗೆ ಎಂದು ಚೀಲ ಹಿಡಿದು ಹೊರಟೆ, ಮೂಲೆ ತಿರುಗಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದೆ. ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಮಗು ತೊಡೆಯ ಮೇಲೆ. ಬೇಯಿಸಿ ಹಿಸುಕಿದ ಕ್ಯಾರೆಟ್ಟಿನಲ್ಲಿ ಅದ್ದಿದ ಅವರ ತೋರುಬೆರಳನ್ನು ಮಗು ಚಪ್ಪರಿಸುತ್ತಿತ್ತು.

"ಅತ್ತೇ!"

ಬೆಚ್ಚಿಬಿದ್ದವರು ಮೊದಲು ಹೇಳಿದ್ದು ಏನು ಗೊತ್ತೆ? "ಚಮಚ ಒದ್ದೆಯಾದ್ರೆ ನೀನು ಹಿಡೀತೀಯಾ ಅಂತ ಬೆರಳಲ್ಲೇ..."

"ನಿಮ್ಮ ಮಗ ಕೇಳಿದ್ದು ಇದೊಂದೇ! ಅದನ್ನೂ ಕಿತ್ಕೊಂಡ್ರಲ್ಲ ನೀವು! ನಾನು ಇಷ್ಟು ದಿನ ಹೊಟ್ಟೆ ಉರಿಸ್ಕೊಂಡು ಕಾದಿದ್ದು ಯಾರಿಗೋಸ್ಕರ?" ನನ್ನ ಕೂಗಿಗೆ ಮಗು ಅಳತೊಡಗಿತು. ಅತ್ತೆ ಅದರ ಬಾಯಿ ಒರೆಸಿದರು, ಬೆರಳು ಒರೆಸಿಕೊಂಡರು.

"ಅವನೇ ಹೇಳಿದ್ದು ಕಣೇ."

"ಸುಳ್ಳು!"

"ರಜೆ ಮುಂದೆ ಹೋಗಿಲ್ಲ, ರದ್ದಾಗಿದೆ. ಇನ್ನೂ ಎಂಟು ತಿಂಗಳು ಅಲ್ಲೇ. 'ಅಮ್ಮ, ಮಗುನ ಹಸಿವಲ್ಲಿ ಇಡಬೇಡ, ನೀನೇ ತಿನ್ನಿಸು. ಅವಳಿಗೆ ಮಾತ್ರ ಹೇಳ್ಬೇಡ, ನಾನು ಬರ್ತೀನಿ ಅಂದ್ಕೊಂಡೇ ಅವಳು ದಿನ ದೂಡ್ತಿದಾಳೆ' ಅಂದ." ಅತ್ತೆ ಮಗುವಿನ ಬೆನ್ನು ತಟ್ಟಿದರು. "ಅತ್ತುಬಿಟ್ಟ. ಅವನು ಅತ್ತಿದ್ದು ಕೇಳಿ ಇಪ್ಪತ್ತು ವರ್ಷ ಆಗಿತ್ತು ನಂಗೆ."

ಅವತ್ತೆಲ್ಲ ಒಗೆದ ಬಟ್ಟೆಯನ್ನೇ ಮತ್ತೆ ಮತ್ತೆ ಒಗೆದೆ. ತಾಯಿ ಮಗ ಸೇರಿ ನನ್ನನ್ನು ಎಳೆ ಮಗುವಿನ ಹಾಗೆ ಏಮಾರಿಸಿದರಲ್ಲ ಎಂಬ ಸಿಟ್ಟು. ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಸಿಟ್ಟು: ಗಂಡನಿಗೆ ಕೊಟ್ಟ ಮಾತಿನ ಹಟದಲ್ಲಿ ಮಗುವನ್ನು ಹಸಿವಿಗೆ ಬಿಟ್ಟವಳು ನಾನು. ಪತ್ತೇದಾರಮ್ಮ ಅದನ್ನು ಬಾಯಿಬಿಟ್ಟು ಆಡಿ ತೋರಿಸಲಿಲ್ಲ.

ಭಾನುವಾರ ನನ್ನ ಗಂಡನಿಗೆ ಹತ್ತು ನಿಮಿಷ ಫೋನಿನಲ್ಲಿ ಮುಖ ನೋಡಿ ಮಾತಾಡಲು ಬಿಡುತ್ತಾರೆ. ಬೆಳಿಗ್ಗೆಯೇ ಟ್ರಂಕಿನಿಂದ ದೀಪದ ಸರ ತೆಗೆದು ಸ್ಟೂಲು ಹತ್ತಿದೆ. ಅತ್ತೆ ಬಂದು ಸ್ಟೂಲು ಹಿಡಿದುಕೊಂಡರು. ಕಹಳೆಯವರ ಹೆಂಡತಿ ಓಡಿ ಬಂದಳು.

"ಬಂದ್ರಾ? ಯಾವಾಗ ಬಂದ್ರು?"

"ಬಂದಿಲ್ಲ. ಆದ್ರೂ ಇವತ್ತು ನಮ್ಮನೆ ಹಬ್ಬ."

ಅವಳು ಒಂದು ಗಳಿಗೆ ನನ್ನನ್ನೂ ಅತ್ತೆಯನ್ನೂ ನೋಡಿದಳು. ಆಮೇಲೆ ಮನೆಗೆ ಹೋಗಿ ಹೊಸ ಬಟ್ಟೆ ಹಾಕಿಕೊಂಡು ಬಂದು ಶುಭಾಶಯ ಹೇಳಿದಳು.

ಫೋನಿನಲ್ಲಿ ನನ್ನ ಗಂಡನ ಮುಖ ಮೂಡಿತು. ತಾವು ಬಾರದೆಯೇ ನನ್ನ ಹಿಂದಿನ ಬಾಗಿಲಿಗೆ ಬಿದ್ದಿದ್ದ ದೀಪದ ಸರ ಕಂಡದ್ದೇ ತಡ, ಅವರ ಮುಖದ ಬಣ್ಣ ಇಳಿದುಹೋಯಿತು. "ಗೊತ್ತಾಯ್ತಾ?"

"ಗೊತ್ತಾಯ್ತು. ಬೈಯೋದು ಆಮೇಲೆ ಇದೆ. ಈಗ ಸುಮ್ನೆ ನೋಡಿ."

ಅತ್ತೆ ಎರಡೂ ಕೈಯಲ್ಲಿ ಫೋನ್ ಹಿಡಿದು ಮಗುವಿನ ಎದುರು ಕೂತರು. ನಾನು ಚಮಚ ಎತ್ತಿ "ಆ..." ಎಂದೆ. ಮಗು ಬಾಯಿ ತೆರೆಯಿತು. ಅಲ್ಲಿ, ಟೋಪಿ ಹಾಕಿಕೊಂಡು ಕೂತಿದ್ದ ನನ್ನ ಗಂಡನ ಬಾಯೂ ಅಷ್ಟಗಲ ತೆರೆದುಕೊಂಡಿತು. ಅವರಿಗೆ ಅದರ ಅರಿವೇ ಇರಲಿಲ್ಲ. ಚಮಚ ಮಗುವಿನ ತುಟಿಯೊಳಗೆ ಹೋಯಿತು. ಮಗು ಇನ್ನೂ ಚಪ್ಪರಿಸುತ್ತಿದ್ದಾಗಲೇ ಅವರು ನುಂಗಿಬಿಟ್ಟರು.