ಸೂಜಿ ಮುಟ್ಟದ ಇಲಿಗಳು

ಕಣ್ಣಿಗೆ ಕಾಣದ್ದನ್ನು ಬರೆಯಬಾರದೆಂದು ವಿದ್ಯಾರ್ಥಿಗಳಿಗೆ ಕಲಿಸಿದವನು ನಾನು. ಇದನ್ನು ಬರೆಯುತ್ತಿರುವುದು ಕಣ್ಣಾರೆ ಕಂಡದ್ದರಿಂದ.

ತೊಂಬತ್ತರ ದಶಕ. ನಿಪ್ಪಾಣಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಐನಾಪುರದ ಜೈನ ರೈತರ ಮಗಳು ಸುನಂದಾ ನನ್ನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದಳು. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವಿದೆ. ಅದು ಬಂದು ಕೂರುವ ತಾಣಗಳೇ ರಿಸೆಪ್ಟರ್‌ಗಳು. ಔಷಧ ಕೊಟ್ಟು ಅವನ್ನು ಕೆರಳಿಸಿದರೆ ಇಲಿ ಹೊಟ್ಟೆಯನ್ನು ನೆಲಕ್ಕಂಟಿಸಿ, ಹಿಂಗಾಲು ಅಗಲಿಸಿ, ಮುಂಗಾಲುಗಳಿಂದ ಹಾರ್ಮೋನಿಯಂ ಬಾರಿಸಿದಂತೆ ನೆಲ ತುಳಿಯುತ್ತದೆ. ಇಲಿ ಚುರುಕಾಗುವುದು ಕತ್ತಲಲ್ಲಿ. ಹಾಗಾಗಿ ನಮ್ಮ ಕೆಲಸ ರಾತ್ರಿ, ಮಂದ ಕೆಂಪು ಬಲ್ಬಿನಡಿ.

ಸೂಜಿ ಚುಚ್ಚುವ ಮುನ್ನ ಸುನಂದಾ ಪ್ರತಿ ಇಲಿಗೂ ಕೈಮುಗಿದು ಕ್ಷಮೆ ಕೇಳುತ್ತಿದ್ದಳು.

"ಇಲಿ ತಿರುಗಿ ಏನರ ಅಂತೈತೇನವ್ವಾ?" ಎಂದು ಕೆಣಕುತ್ತಿದ್ದೆ.

"ಅನ್ನೂದು ಬಿಡೂದು ಅದರ ಮರ್ಜಿರಿ ಸರ. ಕೇಳೂದು ನಂದು."

ಆ ರಾತ್ರಿ ಅವಳು ಸಪ್ಪಗಿದ್ದಳು. ಬೆಳಗಾದರೆ ಇಲಿಗಳನ್ನೆಲ್ಲ ಕೊಂದು ಮಿದುಳು ತೆಗೆಯಬೇಕಿತ್ತು. ಹೋಲಿಕೆಗೆಂದು ಔಷಧ ಕೊಡದೆ ಇಟ್ಟವನ್ನೂ. ಇಲ್ಲವಾದರೆ ಪದವಿಯಿಲ್ಲ.

"ಸೂಜಿ ಚುಚ್ಚೂದಂದಾಗ ಅಪ್ಪ ಹೆಂಗೋ ಒಪ್ಪಿದ್ರಿ. ಕೊಂದೆ ಅಂದ್ರ ಬಾಗಲಾ ತೆಗಿಯಾಂಗಿಲ್ಲ..."

"ನಾಳಿ ಮಾತು ನಾಳಿ. ಈಗ ಗಡಿಯಾರ ನೋಡು."

ಔಷಧ ಬಿದ್ದ ಇಲಿಗಳು ತುಳಿಯತೊಡಗಿದವು. ಟಪ್... ಟಪ್... ಔಷಧ ಇಳಿದಂತೆ ಒಂದೊಂದಾಗಿ ನಿಂತವು.

ಸದ್ದು ನಿಲ್ಲಲಿಲ್ಲ.

ಹಿಂದಿನ ಗೋಡೆಯ ಪಂಜರಗಳಿಂದ ಬರುತ್ತಿತ್ತು ಅದು. ಸೂಜಿಯೇ ಮುಟ್ಟದ ಇಲಿಗಳು! ಹೊಟ್ಟೆ ನೆಲಕ್ಕಂಟಿಸಿ, ಎಲ್ಲವೂ ಒಂದೇ ತಾಳದಲ್ಲಿ ತುಳಿಯುತ್ತಿದ್ದವು. ಮುಖ ನಮ್ಮ ಕಡೆ. ನಾನು ಬಾಗಿಲತ್ತ ಸರಿದೆ... ಮುಖಗಳೂ ಸರಿದವು. ಉಚ್ಚೆಯ ಘಾಟು ಗಂಟಲಿಗೆ ಹತ್ತಿತು.

"ನೀರಿನ್ಯಾಗ ಔಷಧ ಬಿದ್ದೈತೇನ?"

"ಇಲ್ರಿ ಸರ, ಮನ್ಯಾಗಿನಂಗ ನಾನ ಬಟ್ಟ್ಯಾಗ ಸೋಸಿ ಹಾಕೀನಿ." ಅವಳ ದನಿ ಕುಗ್ಗಿತು. "ಸೂಜಿ ಇಲ್ಲಂತ ಹೇಳಿ... ಇವಕ್ಕ ನಾ ಕೈ ಮುಗದ ಇಲ್ಲರಿ."

ಅವಕ್ಕೂ ಕೈಮುಗಿದಳು. "ನಾ ಕೊಲ್ಲಾಂಗಿಲ್ಲ," ಎಂದಳು.

ಸದ್ದು ಒಮ್ಮೆಲೇ ನಿಂತಿತು.

ಸುನಂದಾ ನಸುಕಿನ ಬಸ್ಸಿಗೆ ಊರಿಗೆ ಹೋದಳು, ಮರಳಲಿಲ್ಲ. ಹಿಡಿದ ಕೆಲಸ ನಿಲ್ಲಬಾರದೆಂದು ಬೆಳಿಗ್ಗೆ ನಾನೇ ಇಲಿಗಳನ್ನೆಲ್ಲ ಮುಗಿಸಿದೆ. ಮಿದುಳುಗಳಲ್ಲಿ ವಿಶೇಷವೇನೂ ಸಿಗಲಿಲ್ಲ.

ಈಚೆಗೆ ದೀಪ ಆರಿಸಿ ಮಲಗಿದರೆ ನನ್ನ ಬೆರಳುಗಳು ಹಾಸಿಗೆ ತುಳಿಯತೊಡಗುತ್ತವೆ. ವಯಸ್ಸು, ಎನ್ನುತ್ತಾರೆ ಡಾಕ್ಟರು. ಇರಬಹುದು. ಆದರೆ ಅಂದು ಸುನಂದಾ ಕೈಮುಗಿದಾಗ ಸದ್ದು ನಿಂತಿತ್ತು...

ನಿನ್ನೆ ನಾನೂ ಮುಗಿದೆ. ನಿಲ್ಲಲಿಲ್ಲ.